ಬಾಯ್ಲರ್‌ಪ್ಲೇಟ್

ಮೂಲದಲ್ಲಿ ಇದು ಹಬೆಯಂತ್ರದ ಬಾಯ್ಲರ್‌ಗೆ ಬಳಸುವ ಲೋಹದ ದಪ್ಪ ತಗಡು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸಣ್ಣೂರುಗಳ ಪತ್ರಿಕೆಗಳಿಗೆ ಅಚ್ಚಿಗೆ ಸಿದ್ಧವಾದ ಬರಹಗಳು ಲೋಹದ ಫಲಕಗಳಲ್ಲೇ ಬರುತ್ತಿದ್ದವು. ತಿದ್ದುವ ಮಾತಿಲ್ಲ, ಬಂದದ್ದನ್ನು ಒತ್ತುವುದಷ್ಟೆ. ಹೆಸರು ಅವಕ್ಕೂ ಅಂಟಿತು. ಈಗ ಪ್ರೋಗ್ರಾಮರುಗಳ ಬಾಯಲ್ಲಿ ಇದು ಹೆಚ್ಚುಕಡಿಮೆ ಬೈಗುಳ: ಮತ್ತೆ ಮತ್ತೆ ಬರೆಯಬೇಕಾದ ಸವಕಲು ಕೋಡ್.

ಒಂದು ಉದಾಹರಣೆ: ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ವಯಸ್ಸು’, ‘ತೂಕ’ ಎಂದು ಎರಡು ಟೈಪ್ ಮಾಡಿದಿರಿ ಎನ್ನಿ. ಒಳಗಿರುವುದು ಬರೀ ಪೂರ್ಣಾಂಕವಾದರೂ ಹೋಲಿಕೆ, ಮುದ್ರಣಗಳ ಟೈಪ್ ಕ್ಲಾಸ್ ಇನ್‌ಸ್ಟೆನ್ಸ್‌ಗಳು (ಆ ಕೆಲಸ ಹೇಗೆಂದು ತಿಳಿಸುವ ಕೋಡ್ ತುಣುಕುಗಳು) ಎರಡಕ್ಕೂ ಬೇಕು. ‘ಡಿರೈವಿಂಗ್’ ಎಂದು ಸೇರಿಸಿದರೆ ಆ ಕೂಲಿಯನ್ನು ಕಂಪೈಲರ್ ಹೊರುತ್ತದೆ. 2018ರಲ್ಲಿ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 8.6ರೊಂದಿಗೆ ಬಂದ ‘ಡಿರೈವಿಂಗ್ ವಯಾ’ ಇನ್ನೂ ಜಾಣ. ಒಂದು ಟೈಪ್‌ಗೆ ನಾವೇ ಬರೆದ ಇನ್‌ಸ್ಟೆನ್ಸನ್ನು, ಒಳರೂಪ ಒಂದೇ ಇರುವ ಬೇರೆ ಟೈಪ್‌ಗೂ ಎರವಲು ಕೊಡುತ್ತದೆ. ನಕಲು ಮಾಡಿ ಅಂಟಿಸುವ ಮುನ್ನ ಇದನ್ನೊಮ್ಮೆ ನೋಡಿ.