ಹೊಸಿಲು ದಾಟಿ ಬಂದ ನೆರವು: ತೀರ್ಥಹಳ್ಳಿಯ ಸಮುದಾಯ ಮನೋಆರೋಗ್ಯ ಕಾರ್ಯಕ್ಕೆ ಎರಡು ದಶಕ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಲ್ಲಿ ನಿಮ್ಹಾನ್ಸ್ ಸಂಸ್ಥೆ ಆರಂಭಿಸಿದ ಸಮುದಾಯ ಮನೋಆರೋಗ್ಯ ಕಾರ್ಯಕ್ಕೆ ಎರಡು ದಶಕ ತುಂಬಿದೆ. ಇದರ ನೆನಪಿಗೆ ತೋರಿಸಲು ಭವ್ಯ ಕಟ್ಟಡವಾಗಲಿ ಅಮೃತಶಿಲೆಯ ಫಲಕವಾಗಲಿ ಬೇಕಿಲ್ಲ. ಇದರ ಚರಿತ್ರೆ ಉಳಿದಿರುವುದು ಮತ್ತೆ ತೋಟಕ್ಕಿಳಿದ ಗಂಡಸರಲ್ಲಿ, ಮತ್ತೆ ಅಡುಗೆಮನೆಗೂ ಸಂಘದ ಸಭೆಗೂ ಬಂದ ಹೆಂಗಸರಲ್ಲಿ.

ಈ ಕೆಲಸದ ಬೇರು ಹಳೆಯದು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡ ಮೇಲೆ ಅಲ್ಲಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮನೋರೋಗಿಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದು ಎಂಬುದನ್ನು ತೋರಿಸಿಕೊಟ್ಟರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕ್ರಮ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮನೋಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯೇ. ಇತ್ತ ಶಿವಮೊಗ್ಗದಲ್ಲಿ ಡಾ. ಕೆ. ಎ. ಅಶೋಕ್ ಪೈ ಅವರು ಮಾನಸ ಆಸ್ಪತ್ರೆಯ ಮೂಲಕ, ಬರಹ ಭಾಷಣಗಳ ಮೂಲಕ, 'ಕಾಡಿನ ಬೆಂಕಿ'ಯಂಥ ಚಲನಚಿತ್ರವನ್ನು ನಿರ್ಮಿಸುವ ಮೂಲಕ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಮದ್ದುಂಟು ಎಂಬ ಮಾತನ್ನು ಮಲೆನಾಡಿನ ಮನೆಮನೆಗೆ ಮುಟ್ಟಿಸಿದ್ದರು. 2016ರಲ್ಲಿ ತೀರಿಕೊಂಡ ಅವರನ್ನು ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಸುಮಾರು 1.4 ಲಕ್ಷ ಜನಸಂಖ್ಯೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ಸಹೋದ್ಯೋಗಿಗಳ ತಂಡ ಕೈಗೆತ್ತಿಕೊಂಡದ್ದು ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆಗಳನ್ನು. ಸ್ಥಳೀಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಾಯಿಲೆಯವರನ್ನು ಗುರುತಿಸಿ, ಔಷಧಿ ಒದಗಿಸಿ, ಬಿಟ್ಟುಹೋಗದಂತೆ ಹಿಂಬಾಲಿಸುವುದು ಅದರ ಕ್ರಮ. ಮಲೆನಾಡಿನಲ್ಲಿ ಇದು ಸುಲಭವಲ್ಲ. ಇಲ್ಲಿ ಊರೆಂದರೆ ಸಾಲುಮನೆಯಲ್ಲ; ತೋಟದ ತಲೆಯಲ್ಲೊಂದು, ಗುಡ್ಡದ ಮಗ್ಗುಲಲ್ಲೊಂದು ಒಂಟಿಮನೆ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಕಾಲುಸಂಕ ಕೊಚ್ಚಿಹೋದರೆ ಆ ಮನೆಗೆ ದಾರಿಯೇ ಇಲ್ಲ. ಆದರೂ ಇಲ್ಲಿನ ಆರೋಗ್ಯ ಸಹಾಯಕಿಯರಿಗೆ ಆ ದಾರಿ ಹೊಸತಾಗಿರಲಿಲ್ಲ. ಬಾಣಂತಿಯನ್ನು ನೋಡಲು, ಮಗುವಿಗೆ ಚುಚ್ಚುಮದ್ದು ಹಾಕಲು, ಮಂಗನ ಕಾಯಿಲೆಯ ಸುದ್ದಿ ಬಂದಾಗ ಜ್ವರದವರನ್ನು ವಿಚಾರಿಸಲು ಅವರು ಮೊದಲಿನಿಂದಲೂ ಅದೇ ಅಂಗಳಗಳನ್ನು ದಾಟಿದವರು. ಜಗಲಿಯಲ್ಲಿ ಕೂತು ಕುಡಿಯಲು ನೀರು ಕೇಳಿ, ಒಳಕೋಣೆಯಲ್ಲಿರುವವರ ಬಗ್ಗೆ ಮೆಲ್ಲಗೆ ವಿಚಾರಿಸುವ ಸಲುಗೆ ಅವರಿಗಲ್ಲದೆ ಇನ್ಯಾರಿಗಿತ್ತು?

ತಂಡದ ಅಧ್ಯಯನಗಳಲ್ಲೊಂದು 2009ರಲ್ಲಿ ಪ್ರಕಟವಾಯಿತು. ಗುರುತಿಸಿದ 215 ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಶೇ. 58ರಷ್ಟು ಮಂದಿ ಆಗ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ವರ್ಷ ಕಳೆದ ಮೇಲೆ ನೋಡಿದರೆ, ಮದ್ದು ಮುಂದುವರಿಸಿದವರಲ್ಲೂ ಹೊಸದಾಗಿ ಆರಂಭಿಸಿದವರಲ್ಲೂ ದಿನನಿತ್ಯದ ಬದುಕು ನಡೆಸುವ ಶಕ್ತಿ ಸುಧಾರಿಸಿತ್ತು. ಚಿಕಿತ್ಸೆಯಿಲ್ಲದೆ ಉಳಿದವರ ಸ್ಥಿತಿ ಇದ್ದಲ್ಲೇ ಇತ್ತು. ಗುಣವಾಗುವ ಅವಕಾಶ ನಮ್ಮ ತಾಲ್ಲೂಕಿನಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಈ ಚಿಕಿತ್ಸೆಯ ಕೆಲಸ ಆತ್ಮಹತ್ಯೆ ತಡೆಯುವ ಕೆಲಸವೂ ಹೌದು. ಸ್ಕಿಜೋಫ್ರೀನಿಯಾ ಇರುವವರಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಅಂಥ ಒಬ್ಬರನ್ನು ಚಿಕಿತ್ಸೆಗೆ ತಂದು ಉಳಿಸಿಕೊಳ್ಳುವುದೇ ಒಂದು ಜೀವರಕ್ಷಣೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಊರುಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಅಧ್ಯಯನ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮಾರು ಒಂದು ಗಂಟೆಯ ಮಾತುಕತೆ, ಆ ಬಳಿಕ ಹದಿನೆಂಟು ತಿಂಗಳು ಆಗಾಗ ಫೋನು ಅಥವಾ ಮನೆಭೇಟಿ, ಇಷ್ಟು ದೊರೆತವರಲ್ಲಿ ಆತ್ಮಹತ್ಯೆಯ ಸಾವು ಉಳಿದವರಿಗಿಂತ ಬಹಳ ಕಡಿಮೆಯಿತ್ತು. 'ಹೇಗಿದ್ದೀರಿ' ಎಂದು ಮತ್ತೆ ಮತ್ತೆ ಕೇಳುವವರೊಬ್ಬರು ಇದ್ದದ್ದೇ ಅಲ್ಲಿ ಮದ್ದಾಯಿತು.

ಈ ಎರಡು ದಶಕದಲ್ಲಿ ಸರ್ಕಾರದ ಕೈಯೂ ಹತ್ತಿರ ಬಂದಿದೆ. 2014ರಿಂದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಾನೂನೂ ಮೃದುವಾಯಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ. ಪೊಲೀಸ್ ಕೇಸಾದೀತೆಂದು ಹೆದರಿ ವೈದ್ಯರ ಮುಂದೆ ಸುಳ್ಳು ಹೇಳಬೇಕಾದ ಕಾಲ ಮುಗಿಯಿತು ಎಂಬುದನ್ನು ಎಲ್ಲರಿಗೂ ತಿಳಿಸಬೇಕಿದೆ.

ಆದರೆ ಒಂದು ಕೆಲಸ ಬಾಕಿಯಿದೆ. ಆತ್ಮಹತ್ಯೆಯಾದ ಮನೆಯನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ? ಸಾವಿನ ದಿನ ಊರಿಗೆ ಊರೇ ಬರುತ್ತದೆ. ಪಂಚನಾಮೆ, ಪೋಸ್ಟ್‌ಮಾರ್ಟಂಗೆ ಓಡಾಡುವವರು ಅಕ್ಕಪಕ್ಕದವರೇ. ದುರ್ಮರಣವೆಂದು ಕೆಲವರು ಗೋಕರ್ಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸುತ್ತಾರೆ. ಹದಿಮೂರನೆಯ ದಿನದ ಊಟ ಮುಗಿದು, ತಂದ ಪಾತ್ರೆ ಚಾಪೆಗಳು ವಾಪಸಾದ ಮೇಲೆ ಆ ಮನೆಗೆ ಬರುವವರು ಕಡಿಮೆಯಾಗುತ್ತಾರೆ. ಬಂದವರೂ 'ಯಾಕೆ ಹೀಗೆ ಮಾಡಿಕೊಂಡ' ಎಂದು ಕೇಳುತ್ತಾರೆ, ಇಲ್ಲವೇ ಸತ್ತವರ ಹೆಸರನ್ನೇ ಎತ್ತುವುದಿಲ್ಲ. ಹೆಂಡತಿಗೆ ಸಾಲದ ನೋಟಿಸು, ಮಕ್ಕಳಿಗೆ ಶಾಲೆಯಲ್ಲಿ ಪಿಸುಮಾತು, ತಾಯಿಗೆ 'ನಾನೇ ಗಮನಿಸಬೇಕಿತ್ತು' ಎಂಬ ಕೊರಗು. ಹೀಗೆ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಉಳಿದವರಿಗೂ ಅಪಾಯ ಹೆಚ್ಚು. ಅವರಿಗೆ ಬೇಕಾದದ್ದು ಕಾರಣದ ತನಿಖೆಯಲ್ಲ. ಸತ್ತವರ ಹೆಸರು ಹಿಡಿದು ಮಾತಾಡುವವರು, ತಪ್ಪು ನಿಮ್ಮದಲ್ಲ ಎನ್ನುವವರು, ಬ್ಯಾಂಕು ಸೊಸೈಟಿಗಳ ಕಾಗದಪತ್ರಕ್ಕೆ ಜೊತೆಗೆ ಬರುವವರು ಬೇಕು.

ಸಾಗರ, ಹೊಸನಗರ ತಾಲ್ಲೂಕುಗಳಿಗೂ ಇದೇ ಮಾತು. ಕೊಳೆರೋಗ, ಎಲೆಚುಕ್ಕಿ ರೋಗಕ್ಕೆ ಅಡಿಕೆ ಫಸಲು ಕಳೆದುಕೊಂಡವರು, ಶರಾವತಿಯ ಹಿನ್ನೀರಿಗೆ ನೆಲ ಬಿಟ್ಟು ತಲೆಮಾರು ಕಳೆದರೂ ಹಕ್ಕುಪತ್ರಕ್ಕೆ ಅಲೆಯುವವರು, ಕಿರುಸಾಲದ ವಾರದ ಕಂತಿಗೆ ಹೆದರುವವರು ಮೂರೂ ತಾಲ್ಲೂಕಿನಲ್ಲಿದ್ದಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ. ಅದು ಇದೆಯೆಂಬುದು ಸಾಲಗಾರರ ಕಿವಿಗೆ ಬೀಳಬೇಕು.

ಸಂಘಟನೆಗೆ ನಮ್ಮಲ್ಲಿ ಕೊರತೆಯಿಲ್ಲ. ಸ್ತ್ರೀಶಕ್ತಿ ಸಂಘ, ಹಾಲಿನ ಡೈರಿ, ಕೃಷಿ ಪತ್ತಿನ ಸೊಸೈಟಿ, ಅಡಿಕೆ ಮಾರಾಟ ಸಹಕಾರಿ ಸಂಘ, ಯುವಕ ಮಂಡಲ, ಊರಿನ ದೇವಸ್ಥಾನ ಸಮಿತಿ ಎಲ್ಲವೂ ಇವೆ. ಡೈರಿಗೆ ಹಾಲು ತರುವುದನ್ನು ನಿಲ್ಲಿಸಿದವರು, ಸಂಘದ ಸಭೆಗೆ ಬಾರದವರು, ದನಕರುಗಳನ್ನು ಇದ್ದಕ್ಕಿದ್ದಂತೆ ಮಾರಿದವರು ಮೊದಲು ಕಣ್ಣಿಗೆ ಬೀಳುವುದು ಇಂಥ ಕಡೆಗಳಲ್ಲಿ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಈ ಸಂಘಗಳಿಂದ ಇಬ್ಬರು ಮೂವರನ್ನು ಆರಿಸಿ, ಆಶಾ ಕಾರ್ಯಕರ್ತೆಯರೊಂದಿಗೆ ಅವರಿಗೂ ತರಬೇತಿ ಕೊಡಿಸೋಣ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮನೆಗೆ, ತಮ್ಮವರನ್ನು ಕಳೆದುಕೊಂಡವರ ಮನೆಗೆ ಒಂದು ವರ್ಷ ಪೂರ್ತಿ ತಿಂಗಳಿಗೊಮ್ಮೆಯಾದರೂ ಅವರು ಹೋಗಿಬರಲಿ. ಮಂಗಳವಾರದ ವೈದ್ಯರ ಬಳಿಗೆ ಬಸ್ಸು ಹತ್ತಿಸಿ ಜೊತೆಗೆ ಕರೆದೊಯ್ಯಲಿ. 2030ರೊಳಗೆ ಆತ್ಮಹತ್ಯೆಯ ಸಾವನ್ನು ಶೇ. 10ರಷ್ಟು ಇಳಿಸುವುದಾಗಿ ದೇಶ 2022ರ ಕಾರ್ಯನೀತಿಯಲ್ಲಿ ಸಂಕಲ್ಪಿಸಿದೆ. ತೀರ್ಥಹಳ್ಳಿ ಕಲಿಸಿದ ಪಾಠವನ್ನು ಮೂರೂ ತಾಲ್ಲೂಕುಗಳು ಕೈಗೆತ್ತಿಕೊಂಡರೆ ಆ ಸಂಕಲ್ಪಕ್ಕೆ ಮಲೆನಾಡಿನ ಪಾಲು ಸಲ್ಲುತ್ತದೆ. ಇಪ್ಪತ್ತು ವರ್ಷ ಈ ಕೆಲಸವನ್ನು ಹೊತ್ತು ನಡೆದ ವೈದ್ಯರಿಗೂ ಆರೋಗ್ಯ ಸಹಾಯಕಿಯರಿಗೂ ನಾವು ಸಲ್ಲಿಸಬಹುದಾದ ಗೌರವ ಇದೇ.