ಧ್ವನಿಮುದ್ರಿಕೆಯ ಕರ್ತೃವಿಚಾರ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದುವವರಿಗೆ ಒಂದು ಪದ್ಧತಿಯು ಪರಿಚಿತವಾಗಿಯೇ ಇರುವದು. ಅನೇಕ ಶಾಸನಗಳ ಕೊನೆಯಲ್ಲಿ ಪದ್ಯಗಳನ್ನು ರಚಿಸಿದ ಕವಿಯ ಹೆಸರು ಬೇರೆ, ಅವನ್ನು ಕಲ್ಲಿನ ಮೇಲೆ ಬರೆದವನ ಹೆಸರು ಬೇರೆ, ಉಳಿಯಿಂದ ಕಂಡರಿಸಿದ ರೂವಾರಿಯ ಹೆಸರು ಬೇರೆಯಾಗಿ ಕಾಣುವವು. ಎಲ್ಲ ಕಡೆಗಳಲ್ಲಿಯೂ ಹೀಗಿಲ್ಲ. ಆದರೂ ಇರುವಷ್ಟರಿಂದಲೇ, ಒಂದು ಮಾತು ಕಲ್ಲಾಗಿ ನಿಲ್ಲಬೇಕಾದರೆ ಒಂದಕ್ಕಿಂತ ಹೆಚ್ಚು ಕೈಗಳು ಬೇಕು, ಆ ಕೈಗಳಿಗೆ ಹೆಸರೂ ಬೇಕು ಎಂಬ ಅರಿವು ಹಿರಿಯರಿಗೆ ಇದ್ದಿತೆಂದು ಹೇಳಬಹುದು. ನವಲಗುಂದ ತಾಲೂಕಿನ ನಮ್ಮ ಮೊರಬವು ಯಾಪನೀಯ ಸಂಘದ ನಾಗಚಂದ್ರ ಸಿದ್ಧಾಂತದೇವರ ಸಮಾಧಿಮರಣವನ್ನು ಹೇಳುವ ಶಾಸನದಿಂದ ಇತಿಹಾಸದ ಅಭ್ಯಾಸಿಗಳಿಗೆ ಗೊತ್ತಿರುವ ಊರು. ಕಲ್ಲಿನ ಮೇಲಿನ ಮಾತನ್ನು ಕುರಿತು ಬರೆಯಬೇಕಾದ ನಾನು ಈ ಸಲ ಗಾಳಿಯಲ್ಲಿಯ ಮಾತನ್ನು, ಎಂದರೆ ಗಾನವನ್ನು, ಹಿಡಿದಿಡುವ ಮುದ್ರಿಕೆಯನ್ನು ಕುರಿತು ಬರೆಯುತ್ತಿರುವದಕ್ಕೆ ಒಂದು ಕಾರಣ ಒದಗಿತು.

ಈಚೆಗೆ ಇದೇ ಊರಿನ ನನ್ನ ಶಿಷ್ಯನೊಬ್ಬನು ಒಂದು ಹಾಳೆಯನ್ನು ಹಿಡಿದುಕೊಂಡು ಬಂದನು. ಈತನು ನನ್ನಲ್ಲಿ ಅಮರಕೋಶವನ್ನೂ ಲಘುಕೌಮುದಿಯ ಕೆಲಭಾಗವನ್ನೂ ಓದಿದವನು; ತಂದೆಯಿಂದ ಬಂದ ತತ್ತ್ವಪದಗಳನ್ನು ಏಕತಾರಿಯ ಸಂಗಡ ಹಾಡುವವನು. ಯಾವ ಕಂಪನಿಯ ಆಶ್ರಯವನ್ನೂ ಬೇಡದೆ, ಕಡಲೆ ಮಾರಿ ಬಂದ ಹಣದಿಂದ ಆರು ಪದಗಳನ್ನು ಮುದ್ರಿಸಬೇಕೆಂದು ನಿಶ್ಚಯಿಸಿ, ನಗರದ ಒಬ್ಬ ಸಂಗೀತ ನಿರ್ಮಾಪಕರನ್ನೂ ಅವರ ಮುಖಾಂತರ ಒಬ್ಬ ಮಿಕ್ಸಿಂಗ್ ಇಂಜಿನಿಯರರನ್ನೂ ಗೊತ್ತುಮಾಡಿಕೊಂಡಿದ್ದನು. ಆ ಹಾಳೆಯು ಅವರ ಒಪ್ಪಂದದ ಕರಡು. ಕಲಾವಿದ, ನಿರ್ಮಾಪಕ, ಇಂಜಿನಿಯರ ಎಂಬ ಮೂರು ಪದಗಳು ಅದರಲ್ಲಿದ್ದವು. ಮುದ್ರಿಕೆಯ ಸಕಲ ಹಕ್ಕುಗಳೂ ನಿರ್ಮಾಪಕನಿಗೆ ಸೇರತಕ್ಕವೆಂದು ಒಂದು ಸಾಲಿತ್ತು. ‘ಗುರುಗಳೆ, ಇದರಾಗ ನಾ ಯಾರು?’ ಎಂದು ಅವನು ಕೇಳಿದನು. ಆಗಲೇ ಉತ್ತರ ಹೇಳಲಾಗಲಿಲ್ಲ. ಉತ್ತರವನ್ನು ಅರಸುತ್ತ ಹೋದಾಗ ದೊರೆತ ಸಂಗತಿಗಳನ್ನು ವಿದ್ವಾಂಸರ ಮುಂದೆ ಇಡುತ್ತಿರುವೆನು.

ವೈಯಾಕರಣರ ಮತದಲ್ಲಿ ಕ್ರಿಯೆಯ ವಿಷಯದಲ್ಲಿ ಸ್ವತಂತ್ರನಾದವನೇ ಕರ್ತೃ. ಆ ಸ್ವತಂತ್ರನನ್ನು ಕ್ರಿಯೆಗೆ ಹಚ್ಚುವ ಪ್ರಯೋಜಕನಿಗೆ ಹೇತುವೆಂದೂ ಕರ್ತೃವೆಂದೂ ಎರಡು ಸಂಜ್ಞೆಗಳನ್ನು ಪಾಣಿನಿಮುನಿಯು ಕೊಟ್ಟಿರುವನು. ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದದ್ದು ಕರಣ. ಕಂಪನಿಯ ಹಂಗಿಲ್ಲದೆ ಹಾಡುವವನನ್ನು ಇಂದಿನವರು ‘ಸ್ವತಂತ್ರ ಕಲಾವಿದ’ನೆನ್ನುವರು, ಶಬ್ದವು ತಾನಾಗಿಯೇ ಶಾಸ್ತ್ರದ ಸ್ಥಾನದಲ್ಲಿ ಬಂದು ಕುಳಿತಿದೆ. ಆದರೆ ವೈಯಾಕರಣರು ಇಷ್ಟಕ್ಕೇ ನಿಲ್ಲುವವರಲ್ಲ. ಪಾತ್ರೆಯೇ ಅನ್ನವನ್ನು ಬೇಯಿಸುತ್ತದೆ ಎಂಬ ಪ್ರಯೋಗವನ್ನೂ ಅವರು ಸಾಧುವೆಂದು ಒಪ್ಪುವರು. ಹೇಳುವವನ ವಿವಕ್ಷೆಯಿದ್ದರೆ ಅಧಿಕರಣವೂ ಕರಣವೂ ಕರ್ತೃವಾಗಬಹುದು. ಧ್ವನಿಮುದ್ರಿಕೆಯ ಚರಿತ್ರೆಯುದ್ದಕ್ಕೂ ಈ ವಿವಕ್ಷೆಯದೇ ಜಗಳ ನಡೆದಿದೆಯೆಂದು ನನಗೆ ತೋರುವದು.

ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು 1902ರಲ್ಲಿ ಕಲಕತ್ತೆಗೆ ಬಂದು ನಮ್ಮ ದೇಶದ ಗಾನವನ್ನು ಮೇಣದ ಫಲಕಗಳ ಮೇಲೆ ಹಿಡಿದನು. ಗೋಹರ್ ಜಾನಳು ಹಾಡಿದ್ದು ಆ ವರ್ಷದ ನವಂಬರದಲ್ಲಿ. ಫಲಕಗಳು ಜರ್ಮನಿಯ ಹಾನೋವರಕ್ಕೆ ಹೋಗಿ ಅಚ್ಚಾಗಿ ಬರಬೇಕಾಗಿದ್ದಿತು. ಈ ದೇಶದಲ್ಲಿಯೇ ಅಚ್ಚಿನ ಕಾರಖಾನೆಯಾದದ್ದು 1908ರಲ್ಲಿ, ಕಲಕತ್ತೆಯಲ್ಲಿ. ಅರಿಯದ ಭಾಷೆಯ ಹಾಡುಗಳನ್ನು ಗುರುತಿಸುವದಕ್ಕೆ ಅನುಕೂಲವಾಗಲೆಂದು ಗಾಯಕಿಯು ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವ ರೂಢಿ ಬಿದ್ದಿತು. ಕವಿಯು ಅಂಕಿತವನ್ನಿಡುವಂತೆ ಇದೊಂದು ಅಂಕಿತವೇ ಸರಿ.

ಆ ಕಾಲದ ಮುದ್ರಣದಲ್ಲಿ ವಿದ್ಯುತ್ತು ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಹಾಡಬೇಕು. ಧ್ವನಿಯ ಬಲದಿಂದಲೇ ಸೂಜಿಯು ನಡುಗಿ ಮೇಣವನ್ನು ಕೊರೆಯಬೇಕು. ತಾರಸ್ಥಾಯಿಗೆ ಹೋದಾಗ ಗಾಯಕನು ಹಿಂದೆ ಸರಿಯಬೇಕು, ಮಂದ್ರಕ್ಕೆ ಇಳಿದಾಗ ಕಹಳೆಯೊಳಗೆ ಮುಖವಿಡಬೇಕು. ಸರಿಯದಿದ್ದರೆ ಮುದ್ರಕನು ಅವನನ್ನು ಹಿಡಿದು ಸರಿಸುವನು. ಸಾರಂಗಿ ಎಷ್ಟು ದೂರ, ತಬಲಾ ಎಷ್ಟು ದೂರ ಎಂಬದನ್ನು ಅವನೇ ಗೊತ್ತುಪಡಿಸುವನು. ಈಗ ಮಿಕ್ಸಿಂಗ್ ಎನ್ನುವ ಕ್ರಿಯೆಯು ಆಗ ಗಾಯಕನ ಶರೀರದಲ್ಲಿಯೇ, ಹಾಡುವ ಹೊತ್ತಿನಲ್ಲಿಯೇ ನಡೆಯುತ್ತಿದ್ದಿತು. ಕೊರೆದ ಮೇಣವನ್ನು ಬಾರಿಸಿ ಕೇಳಿದರೆ ಅದು ಕೆಡುವದು. ಆದುದರಿಂದ ತಿದ್ದುವ ಮಾತೇ ಇಲ್ಲ. ಹೀಗೆ ಕಾರ್ಯದ ಅರ್ಧವನ್ನು ನಿರ್ವಹಿಸಿದ ಮುದ್ರಕನ ಹೆಸರು ಚೀಟಿಯ ಮೇಲೆ ಎಲ್ಲಿಯೂ ಇಲ್ಲ. ಆದರೆ ಒಂದು ಸ್ವಾರಸ್ಯವಿದೆ. ಗ್ರಾಮೋಫೋನ್ ಕಂಪನಿಯವರು ಪ್ರತಿಯೊಂದು ಫಲಕಕ್ಕೂ ಕ್ರಮಾಂಕ ಕೊಟ್ಟು, ಆ ಅಂಕಿಯ ಮುಂದೆ ಒಂದು ಸಣ್ಣ ಅಕ್ಷರವನ್ನು ಗೀರುತ್ತಿದ್ದರು. ಯಾವ ಮುದ್ರಕನು ಮಾಡಿದ್ದೆಂದು ಕೆಲಕಾಲದ ವರೆಗೆ ಆ ಅಕ್ಷರದಿಂದ ತಿಳಿಯುತ್ತಿದ್ದಿತು. ರೂವಾರಿಯ ಹೆಸರು ಒಂದಕ್ಷರವಾಗಿ ಅರಗಿನ ತಟ್ಟೆಯಲ್ಲಿ ಅಡಗಿ ಕುಳಿತಿದ್ದಿತೆನ್ನಬಹುದು.

ಇನ್ನು ನಮ್ಮ ಸೀಮೆಗೆ ಬರೋಣ. ಕಿರಾಣಾ ಪದ್ಧತಿಯ ಅಬ್ದುಲ್ ಕರೀಮ ಖಾನರು (1872–1937) ಮಿರಜೆಯಲ್ಲಿ ನೆಲೆಸಿ ಈ ಪ್ರಾಂತದ ಸಂಗಡ ನಿಕಟ ಸಂಬಂಧವಿಟ್ಟುಕೊಂಡಿದ್ದರೆಂಬದೂ, ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು (1886–1952), ಅವರ ಶಿಷ್ಯರೆಂಬದೂ ಸುವಿದಿತ. ಖಾನರ ಗಾನವು ಕುಂದಗೋಳಕ್ಕೆ ಗುರುಮುಖದಿಂದ ಬಂದಿತು. ಗದಗಿನ ಸೀಮೆಯ ಒಬ್ಬ ಬಾಲಕನಿಗೆ ಮಾತ್ರ ಅಂಗಡಿಯ ತಟ್ಟೆಯಿಂದ ಬಂದಿತು. ಝಿಂಝೋಟಿಯ ಒಂದು ಠುಮರಿಯ ಮುದ್ರಿಕೆಯನ್ನು ಕೇಳಿ ಹುಚ್ಚುಹಿಡಿದು 1933ರಲ್ಲಿ ಮನೆಬಿಟ್ಟು ಹೊರಟ ಆ ಭೀಮಸೇನ ಜೋಶಿಯವರು ಉತ್ತರದೇಶವನ್ನೆಲ್ಲ ಅಲೆದು, ಕಡೆಗೆ ಬಂದು ಸೇರಿದ್ದು ಅದೇ ಖಾನರ ಶಿಷ್ಯರ ಬಾಗಿಲಿಗೆ, ಕುಂದಗೋಳಕ್ಕೆ. ಮೂರು ನಿಮಿಷಗಳ ತಟ್ಟೆಯೊಂದು ಹುಡುಗನನ್ನು ಮನೆಯಿಂದ ಹೊರಡಿಸಿತೆಂದರೆ, ಆ ಪ್ರೇರಣೆಯ ಹೇತುವಿನಲ್ಲಿ ಖಾನರಿಗೆ ಎಷ್ಟು ಪಾಲು, ಹೆಸರಿಲ್ಲದ ಮುದ್ರಕನಿಗೆ ಎಷ್ಟು ಪಾಲು? ನನ್ನ ಮಟ್ಟಿಗೆ ಹೇಳುವದಾದರೆ ಎರಡನೆಯದು ಸೊನ್ನೆಯಲ್ಲ.

ಮೂರು ನಿಮಿಷವೆಂದೆನು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗಲಿನ ಅವಧಿ ಸುಮಾರಾಗಿ ಅಷ್ಟೇ. ಒಂದು ತಾಸು ಬೆಳೆಯತಕ್ಕ ಖ್ಯಾಲು ಅದರಲ್ಲಿ ಹಿಡಿಯಬೇಕಾದರೆ ಆಲಾಪವು ಸೂತ್ರವಾಗಬೇಕು, ತಾನುಗಳು ಬೇಗ ಬರಬೇಕು. ಮಲ್ಲಿಕಾರ್ಜುನ ಮನಸೂರರು ತಾರುಣ್ಯದಲ್ಲಿ ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಗೆ ಗೌಡಮಲ್ಹಾರ, ಅಡಾಣಾಗಳನ್ನು ಹಾಡಿಕೊಟ್ಟಾಗ ಅವರ ಮುಂದಿದ್ದ ಕಟ್ಟು ಇದೇ. ಭಾಷ್ಯವನ್ನು ಸೂತ್ರಕ್ಕೆ ಇಳಿಸುವ ಈ ಕ್ರಮವು ಗಾನಕ್ಕೆ ಹಾನಿಕರವೆನ್ನುವವರು ಬಹುಜನರಿದ್ದಾರೆ. ನಾನು ಪೂರ್ಣವಾಗಿ ಒಪ್ಪಲಾರೆನು. ಅಲ್ಪಾಕ್ಷರದಲ್ಲಿ ಅಸಂದಿಗ್ಧವಾಗಿ ಹೇಳುವದೂ ಒಂದು ವಿದ್ಯೆಯೇ. ಮುಂದೆ ಮನಸೂರರು ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಕೆಲಸಮಾಡಿದರು; ಎಂದರೆ ಕಹಳೆಯ ಈಚೆಯ ಕಷ್ಟವನ್ನೂ ಆಚೆಯ ಕಷ್ಟವನ್ನೂ ಬಲ್ಲವರು.

ಗಂಗೂಬಾಯಿ ಹಾನಗಲ್ಲರ ಸಂಗತಿಯು ಇದಕ್ಕಿಂತ ವಿಚಾರಾರ್ಹವಾದದ್ದು. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ಇಪ್ಪತ್ತರ ಆಸುಪಾಸಿನಲ್ಲಿಯೇ ಮುಂಬಯಿಗೆ ಹೋಗಿ ಹಾಡಿಕೊಟ್ಟ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಹುಬ್ಬಳ್ಳಿಯ ಗಾಂಧಾರಿ. ಗಾಯಕ ಜಿ. ಎನ್. ಜೋಶಿಯವರ ಸಂಗಡ ಹಾಡಿದ ಮರಾಠಿ ಯುಗಳಗೀತವೂ ಪ್ರಸಿದ್ಧವಾಯಿತು. ಈ ಜೋಶಿಯವರೇ ಮುಂದೆ ಕಂಪನಿಯ ಮುದ್ರಣಾಧಿಕಾರಿಯಾಗಿ ಅನೇಕ ಉಸ್ತಾದರನ್ನು ಹಾಡಿಸಿದರು. ಆ ಆರಂಭದ ತಟ್ಟೆಗಳಲ್ಲಿ ಕೇಳುವ ಕಂಠವು ತೆಳುವಾದದ್ದು, ಎತ್ತರದ ಶ್ರುತಿಯದು. ತರುವಾಯ ಗಂಟಲಿನ ಚಿಕಿತ್ಸೆಯಾಗಿ ಧ್ವನಿಯು ಇಳಿದು ಗಂಭೀರವಾಯಿತು. ನಾವೆಲ್ಲರೂ ಸಭೆಗಳಲ್ಲಿ ಕೇಳಿ ಬಲ್ಲ ಗಂಗೂಬಾಯಿಯವರು ಈ ಎರಡನೆಯ ಕಂಠದವರು. ಮೊದಲಿನ ಕಂಠವು ಈಗ ತಟ್ಟೆಯಲ್ಲಿ ಹೊರತು ಲೋಕದಲ್ಲಿ ಎಲ್ಲಿಯೂ ಇಲ್ಲ. ಹೆಸರೂ ಆಮೇಲಿನದಲ್ಲ, ಕಂಠವೂ ಆಮೇಲಿನದಲ್ಲ. ಹಾಗಿದ್ದರೆ ಆ ತಟ್ಟೆಯು ಯಾರದು?

ಕಾಯಿದೆಯು ಇದಕ್ಕೆ ಸಂಕೋಚವಿಲ್ಲದೆ ಉತ್ತರ ಕೊಟ್ಟಿತ್ತು. 1911ರ ಇಂಗ್ಲಂಡದ ಗ್ರಂಥಸ್ವಾಮ್ಯದ ಕಾಯಿದೆಯು 1914ರಲ್ಲಿ ಈ ದೇಶಕ್ಕೆ ಅನ್ವಯಿಸಿತು. ಅದರ ಮೇರೆಗೆ, ಮೂಲ ಅಚ್ಚುಫಲಕವನ್ನು ಮಾಡಿದಾಗ ಆ ಫಲಕಕ್ಕೆ ಒಡೆಯನಾರೋ ಅವನೇ ಮುದ್ರಿಕೆಯ ಕರ್ತೃ. ಸ್ವತಂತ್ರ ಭಾರತದ 1957ರ ಕಾಯಿದೆಯೂ ಮೊದಲು ಇದೇ ಮಾತನ್ನು ಇಟ್ಟುಕೊಂಡಿತು. ಪಾತ್ರೆಯೇ ಬೇಯಿಸುತ್ತದೆಂದು ವೈಯಾಕರಣನು ವಿವಕ್ಷೆಗಾಗಿ ಹೇಳಿದನು; ಪಾತ್ರೆಯ ಒಡೆಯನೇ ಅಡಿಗೆಯವನೆಂದು ನ್ಯಾಯಶಾಸ್ತ್ರವು ನಿಜಕ್ಕೂ ಹೇಳಿತು! 1994ರ ತಿದ್ದುಪಡಿಯಲ್ಲಿ ಈ ಫಲಕದ ಮಾತು ಹೋಗಿ, ಧ್ವನಿಮುದ್ರಣದ ಕರ್ತೃವು ನಿರ್ಮಾಪಕನೆಂದೂ, ಕೃತಿಯನ್ನು ಮಾಡಲು ಉಪಕ್ರಮಿಸಿ ಅದರ ಹೊಣೆಯನ್ನು ಹೊತ್ತವನೇ ನಿರ್ಮಾಪಕನೆಂದೂ ಲಕ್ಷಣವು ನಿಂತಿತು. ಹಾಡುವವನಿಗೆ ತನ್ನ ಪ್ರಯೋಗದ ಮೇಲೆ ಒಂದು ಹಕ್ಕುಂಟೆಂದು ಒಪ್ಪಿದ್ದೂ ಅದೇ ತಿದ್ದುಪಡಿಯಲ್ಲಿ. ಮನಸೂರರು 1992ರಲ್ಲಿಯೇ ತೀರಿಕೊಂಡಿದ್ದರು. ಗಂಗೂಬಾಯಿಯವರಿಗೆ ಆಗ 81 ವರ್ಷ.

ಇತ್ತ ಉಪಕರಣಗಳೂ ಬದಲಾಗುತ್ತ ಬಂದವು. 1925ರಿಂದ ಮೈಕ್ರೊಫೋನು ಬಂದು ಕಹಳೆಯನ್ನು ಓಡಿಸಿತು. ಪಿಸುಮಾತಿನಂಥ ಮಂದ್ರವೂ ಕೇಳತೊಡಗಿತು. ಆಮೇಲೆ ಅಯಸ್ಕಾಂತದ ಪಟ್ಟಿ, ಅದರ ಮೇಲೆ ಅನೇಕ ಪಂಕ್ತಿಗಳು. ಕಂಠ, ತಾಳ, ತಂತಿ ಪ್ರತಿಯೊಂದನ್ನೂ ಬೇರೆಬೇರೆ ಪಂಕ್ತಿಯಲ್ಲಿ ಹಿಡಿದು, ಹಾಡಿದವನು ಮನೆಗೆ ಹೋದ ಮೇಲೆ ಅವುಗಳನ್ನು ಹೆಚ್ಚುಕಡಿಮೆ ಮಾಡಿ ಬೆರೆಸುವದು ಸಾಧ್ಯವಾಯಿತು. ಗಾಯಕನ ಶರೀರದಲ್ಲಿದ್ದ ಕ್ರಿಯೆಯು ಹೀಗೆ ಅವನಿಂದ ಕಳಚಿ ಇನ್ನೊಬ್ಬನ ಕೈಗೆ ಹೋಯಿತು. ಈಗ ಆ ಎಲ್ಲವೂ ಒಂದು ಗಣಕಯಂತ್ರದೊಳಗೆ ಇದೆ.

ಬೆರೆಸುವ ವಿದ್ಯೆಯು ನಮಗೆ ಹೊಸದೆಂದು ಮಾತ್ರ ತಿಳಿಯಬಾರದು. ನಾಟ್ಯಗೃಹವು ಅತಿ ದೊಡ್ಡದಾದರೆ ಪಾಠ್ಯವು ವಿಸ್ವರವಾಗುವದೆಂದು ಎಚ್ಚರಿಸಿ, ಭರತನು ಅರವತ್ತುನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲದ ಮಧ್ಯಮಗೃಹವನ್ನು ವಿಧಿಸಿದನು. ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು (ಆಗ ಈ ಧಾರವಾಡದ ಸೀಮೆಯೂ ಸೇವುಣರಿಗೆ ಒಳಪಟ್ಟಿದ್ದಿತು) ಸಂಗೀತರತ್ನಾಕರದಲ್ಲಿ ಉತ್ತಮ ವೃಂದಕ್ಕೆ ನಾಲ್ವರು ಮುಖ್ಯಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಗಾಯಕಿಯರು, ನಾಲ್ವರು ವಾಂಶಿಕರು, ನಾಲ್ವರು ಮಾರ್ದಂಗಿಕರೆಂದು ಲೆಕ್ಕವಿಟ್ಟನು. ಇದು ಧ್ವನಿಗಳ ತೂಕವಲ್ಲದೆ ಮತ್ತೇನು? ಮಾತು ಧಾತು ಎರಡನ್ನೂ ಕಟ್ಟುವವನು ವಾಗ್ಗೇಯಕಾರನೆಂದು ಅವನು ಹೇಳಿದನು. ಮೂರನೆಯದಾದ ಈ ತೂಕವನ್ನು ಕಟ್ಟುವವನಿಗೆ ಪ್ರತ್ಯೇಕ ಹೆಸರಿಡುವ ಅಗತ್ಯ ಅವನಿಗೆ ಬೀಳಲಿಲ್ಲ.

ಮೊರಬದ ಶಿಷ್ಯನ ಪ್ರಸಂಗಕ್ಕೆ ತಿರುಗಿ ಬರುವೆನು. ಮೊದಲನೆಯ ಬೆರಕೆಯನ್ನು ಅವನು ನನಗೆ ಕೇಳಿಸಿದಾಗ ಪದಗಳು ಬೆಳಗಿದ ತಾಮ್ರದಂತೆ ಹೊಳೆಯುತ್ತಿದ್ದವು. ಹಾಡಿದವನು ಮಾತ್ರ ಕಾಣಲಿಲ್ಲ. ಅವನ ತಂದೆಯಿಂದ ಬಂದ ಗಾಂಧಾರವು ಎರಡು ಸ್ಥಾನಗಳ ನಡುವೆ ತೂಗುವಂಥದು. ಅದು ಪೇಟಿಯ ಮನೆಗೆ ತಾಗಿ ನಿಂತುಬಿಟ್ಟಿದ್ದಿತು. 1997ರಿಂದ ಪ್ರಚಾರಕ್ಕೆ ಬಂದ ಆಟೋಟ್ಯೂನ್ ಎಂಬ ಸ್ವರಶೋಧಕದ ಪರಿಣಾಮವಿದೆಂದು ವಿಚಾರಿಸಿದ ಮೇಲೆ ತಿಳಿಯಿತು. ಲೇಖಕನ ಪ್ರಮಾದವನ್ನು ತಿದ್ದುವೆನೆಂದು ಹೊರಟ ಲಿಪಿಕಾರನು ದೇಸಿಯ ರೂಪವನ್ನು ಅಳಿಸಿ ತನಗೆ ತಿಳಿದ ರೂಪವನ್ನು ಬರೆದಿಡುವದುಂಟಷ್ಟೆ. ಓಲೆಗರಿಗಳನ್ನು ಸಂಪಾದಿಸಿದವರಿಗೆ ಈ ಜಾತಿಯ ಪಾಠಾಂತರವು ಹೊಸದಲ್ಲ.

ನಾನೂ ಶಿಷ್ಯನೂ ಕೂಡಿ ಅವರ ಮುದ್ರಣಶಾಲೆಗೆ ಹೋದೆವು. ಜಗಳಕ್ಕೆಂದೇ ಹೋದ ನಾನು ಅಲ್ಲಿ ಒಂದು ಪಾಠ ಕಲಿತೆನೆಂದು ಒಪ್ಪಿಕೊಳ್ಳಬೇಕು. ಇಂಜಿನಿಯರರು ತರುಣರು, ಮಿತಭಾಷಿಗಳು. ಶೋಧಕವನ್ನು ತೆಗೆದು ಕೇಳಿಸಿದರು, ಗಾಂಧಾರವು ತೂಗಿತು. ಬಳಿಕ ಏಕತಾರಿಯ ಪಂಕ್ತಿಯನ್ನು ಮೊದಲಿದ್ದಂತೆ ಬಿಟ್ಟು ಕೇಳಿಸಿದರು. ತಂತಿಯ ಗುಂಯ್ಕಾರದಲ್ಲಿ ಪದದ ಮಹಾಪ್ರಾಣಗಳೆಲ್ಲ ಮುಳುಗಿಹೋದವು. ನಮ್ಮ ಜಗಲಿಯ ಮೇಲೆ ಕುಳಿತು ಕೇಳುವಾಗ ಕಣ್ಣು ಹಾಡುವವನ ತುಟಿಯನ್ನು ನೋಡಿ ಕಿವಿಗೆ ನೆರವಾಗುವದು, ಇಲ್ಲಿ ಕಣ್ಣಿಲ್ಲ, ಆದುದರಿಂದ ತಂತಿಯನ್ನು ಅಷ್ಟು ಹಿಂದೆ ಕೂಡಿಸಿದೆನು ಎಂದು ಅವರು ಹೇಳಿದರು. ಭರತನು ಕೇಳಿದ್ದರೆ ಮೆಚ್ಚುತ್ತಿದ್ದ ಮಾತು. ಏಕತಾರಿಯು ಅವರು ಇಟ್ಟಲ್ಲಿಯೇ ಉಳಿಯಿತು, ಗಾಂಧಾರವು ತಂದೆಯ ಸ್ಥಾನಕ್ಕೆ ಬಂದಿತು. ಉಸಿರಿನ ಸಪ್ಪಳವನ್ನು ಬಿಡಬೇಕೋ ತೆಗೆಯಬೇಕೋ ಎಂಬ ವಾದವು ಸಂಜೆಯ ವರೆಗೆ ನಡೆದು, ಎರಡು ಪದಗಳಲ್ಲಿ ಬಿಡಬೇಕೆಂದಾಯಿತು.

ಕರಡಿನ ಆ ಒಂದು ಸಾಲು ಉಳಿದಿದ್ದಿತು. ಮುದ್ರಣಶಾಲೆಯ ರೂಢಿಯಲ್ಲಿ ನಿರ್ಮಾಪಕನೆಂದರೆ ವಾದ್ಯಗಳನ್ನು ಸಂಯೋಜಿಸಿ ಕೃತಿಗೆ ರೂಪ ಕೊಡುವವನು. ಕಾಯಿದೆಯ ನಿರ್ಮಾಪಕನೆಂದರೆ ಉಪಕ್ರಮಿಸಿ ಹೊಣೆ ಹೊತ್ತವನು. ಶಬ್ದವೊಂದೇ, ಅರ್ಥವೆರಡು. ಎರಡನೆಯ ಅರ್ಥದಲ್ಲಿ ಕಡಲೆ ಮಾರಿದವನೇ ಪ್ರಯೋಜಕ ಹೇತು. ಅರಿಯದೆ ರುಜು ಹಾಕಿದ್ದರೆ ಆ ಸ್ಥಾನವು ಶ್ಲೇಷದ ಬಲದಿಂದ ಇನ್ನೊಬ್ಬರಿಗೆ ಹೋಗುತ್ತಿದ್ದಿತು. ಇದನ್ನು ತಿಳಿಸಿದಾಗ ಸಂಗೀತ ನಿರ್ಮಾಪಕರು ಆಕ್ಷೇಪಿಸಲಿಲ್ಲ. ಎಲ್ಲಿಂದಲೋ ನಕಲುಮಾಡಿಕೊಂಡ ಕರಡದು, ಅದನ್ನು ತಾವೇ ಸರಿಯಾಗಿ ಓದಿರಲಿಲ್ಲವೆಂದರು. ತಾವು ಹೊಸದಾಗಿ ಕಟ್ಟಿದ ಸಂಗೀತದ ಮೇಲೆ ತಮ್ಮ ಹಕ್ಕು ಇರಬೇಕೆಂದು ಮಾತ್ರ ಕೇಳಿದರು. ಅದು ನ್ಯಾಯವೇ ಆಗಿದ್ದಿತು. ತಿದ್ದಿದ ಪತ್ರದಲ್ಲಿ ಧ್ವನಿಮುದ್ರಣದ ಕರ್ತೃವಿನ ಸ್ಥಾನದಲ್ಲಿ ಶಿಷ್ಯನ ಹೆಸರಿದೆ. ಬೇರೆಬೇರೆ ಪಂಕ್ತಿಗಳ ಮೂಲಪ್ರತಿಗಳು ಮೊರಬದ ಅವನ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಇವೆ. ಪ್ರಕಟವಾದ ಆರು ಪದಗಳ ಕೆಳಗೆ ಹಾಡಿದವನು, ಸಂಯೋಜಿಸಿದವನು, ಬೆರೆಸಿದವನು ಎಂದು ಮೂರು ಹೆಸರುಗಳನ್ನು ಹಾಕಿಸಿದ್ದಾನೆ. ‘ಬೆರೆಸಿದವನು’ ಎಂಬಲ್ಲಿ ‘ಕಂಡರಿಸಿದವನು’ ಎಂದಿರಲೆಂದು ನಾನು ಸೂಚಿಸಿದ್ದೆನು, ಇಂಜಿನಿಯರರು ನಕ್ಕು ಬೇಡವೆಂದರು.