ಪರೀಕ್ಷಾಪೂರ್ವಕ ತಂತ್ರಾಂಶ ರಚನೆ: ಬೆಂಗಳೂರು ಪ್ರಾಂತದಲ್ಲಿ ಒಂದು ಪದ್ಧತಿಯ ಇತಿಹಾಸ

೧

ಹೊಸಕೋಟೆ ತಾಲ್ಲೂಕಿಗೆ ಸೇರಿದ ಸಮೇತನಹಳ್ಳಿಯು ವೈಟ್‌ಫೀಲ್ಡಿಗೆ ಪೂರ್ವದಲ್ಲಿರುವ ಒಂದು ಗ್ರಾಮ. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕಾಗಿ ೧೮೮೨ರಲ್ಲಿ ಹುಟ್ಟಿಕೊಂಡ ವೈಟ್‌ಫೀಲ್ಡು ಒಂದು ಶತಮಾನಕ್ಕೂ ಹೆಚ್ಚು ಕಾಲ ತೋಟಗಳ ಊರಾಗಿಯೇ ಇದ್ದಿತು. ೧೯೯೦ರ ದಶಕದಲ್ಲಿ ಅಲ್ಲಿ ತಂತ್ರಜ್ಞಾನದ ಉದ್ಯಾನವೊಂದು ರೂಪುಗೊಂಡ ಮೇಲೆ ಅದರ ಸ್ವರೂಪ ಬದಲಾಯಿತು. ಸಮೇತನಹಳ್ಳಿಯಂತಹ ಗ್ರಾಮಗಳು ಈ ಬದಲಾವಣೆಯ ಅಂಚಿನಲ್ಲಿ ನಿಂತಿವೆ. ಒಂದು ಮಗ್ಗುಲಲ್ಲಿ ಎಕರೆ ಗುಂಟೆಗಳ ಲೆಕ್ಕದಲ್ಲಿ ನಡೆಯುವ ಬದುಕು. ಇನ್ನೊಂದು ಮಗ್ಗುಲಲ್ಲಿ ಸಮುದ್ರದಾಚೆಯವರ ಲೆಕ್ಕಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಉದ್ಯಮ.

ಬೆಂಗಳೂರಿನ ತಂತ್ರಾಂಶೋದ್ಯಮವನ್ನು ಕುರಿತ ಬರಹಗಳಲ್ಲಿ ಕಂಪನಿಗಳು, ರಫ್ತಿನ ಮೊತ್ತಗಳು, ಕಟ್ಟಡಗಳು ಇವುಗಳ ಪ್ರಸ್ತಾಪ ಹೇರಳವಾಗಿದೆ. ಆದರೆ ಕೆಲಸವನ್ನು ಮಾಡುವ ರೀತಿ ಹೇಗೆ ಬದಲಾಯಿತೆಂಬುದರ ವಿಚಾರ ವಿರಳ. ಪ್ರಸ್ತುತ ಲೇಖನದಲ್ಲಿ ಅಂತಹ ಒಂದು ರೀತಿಯನ್ನು ವಿವೇಚಿಸುವುದು ನಮ್ಮ ಉದ್ದೇಶ. ಕ್ರಮವಿಧಿಯನ್ನು ಬರೆಯುವುದಕ್ಕೆ ಮೊದಲೇ ಅದನ್ನು ಒರೆಗೆ ಹಚ್ಚುವ ಪರೀಕ್ಷೆಯನ್ನು ಬರೆದಿಡುವ ಈ ಪದ್ಧತಿಗೆ ಉದ್ಯಮದಲ್ಲಿ ‘ಟೆಸ್ಟ್-ಡ್ರಿವನ್ ಡೆವಲಪ್‌ಮೆಂಟ್’ ಎಂಬ ಹೆಸರು ರೂಢವಾಗಿದೆ. ನಾವು ಇದನ್ನು ಪರೀಕ್ಷಾಪೂರ್ವಕ ರಚನೆಯೆಂದು ಕರೆಯೋಣ.

೨

ಈ ಪದ್ಧತಿಯು ೨೦೦೦ದ ಆಚೀಚೆಗೆ ಹುಟ್ಟಿತೆಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಇದು ಸರಿಯಲ್ಲ. ೧೯೫೭ರಲ್ಲಿ ಡೇನಿಯಲ್ ಮೆಕ್‌ಕ್ರಾಕನ್ ಪ್ರಕಟಿಸಿದ ಗಣಕ ಕ್ರಮವಿಧಿಯ ಪಠ್ಯಗ್ರಂಥದಲ್ಲಿಯೇ, ಸಂಕೇತಗಳನ್ನು ಬರೆಯುವುದಕ್ಕೆ ಮೊದಲು ಕೈಯಿಂದ ಒಂದು ಮಾದರಿ ಲೆಕ್ಕವನ್ನು ಮಾಡಿಟ್ಟುಕೊಂಡು, ಯಂತ್ರವು ಕೊಡುವ ಉತ್ತರವನ್ನು ಅದರೊಡನೆ ಹೋಲಿಸಬೇಕೆಂಬ ಸಲಹೆಯಿದೆ. ಆ ಮಾದರಿ ಲೆಕ್ಕವನ್ನು ಕೆಲಸ ಮಾಡಿಸಿಕೊಳ್ಳುವವನೇ ಸಿದ್ಧಪಡಿಸುವುದು ಮೇಲೆಂದೂ, ಅದರಿಂದ ಅವನಿಗೂ ಕ್ರಮವಿಧಿಕಾರನಿಗೂ ನಡುವೆ ಇರುವ ತಪ್ಪು ತಿಳಿವಳಿಕೆ ಬಯಲಿಗೆ ಬರುತ್ತದೆಂದೂ ಅವರು ಹೇಳಿರುವುದು ವಿಶೇಷವಾಗಿ ಗಮನಾರ್ಹ. ಈ ಮಾತಿಗೆ ನಾವು ಮುಂದೆ ಮರಳಿ ಬರಬೇಕಾಗುತ್ತದೆ. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಮರ್ಕ್ಯುರಿ ಗಗನಯಾತ್ರೆಯ ಯೋಜನೆಯಲ್ಲಿಯೂ ಅರ್ಧ ದಿನದ ಅವಧಿಗಳಲ್ಲಿ ಕೆಲಸವನ್ನು ವಿಂಗಡಿಸಿ, ಪ್ರತಿಯೊಂದು ಹಂತಕ್ಕೂ ಮೊದಲು ಪರೀಕ್ಷೆಗಳನ್ನು ಬರೆಯುವ ಕ್ರಮವಿದ್ದಿತೆಂದು ಲಾರ್ಮನ್ ಮತ್ತು ಬಸಿಲಿ ಎಂಬ ವಿದ್ವಾಂಸರು ೨೦೦೩ರಲ್ಲಿ ತೋರಿಸಿಕೊಟ್ಟಿದ್ದಾರೆ.

ಗಣಕಯಂತ್ರದ ಸಮಯ ದುಬಾರಿಯಾಗಿದ್ದ ಕಾಲದಲ್ಲಿ ಈ ಎಚ್ಚರಿಕೆ ಸಹಜವೇ ಆಗಿದ್ದಿತು. ರಂಧ್ರಪತ್ರಗಳ ಕಟ್ಟನ್ನು ಒಪ್ಪಿಸಿ ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿದ್ದವರು ಮೊದಲು ಕಾಗದದ ಮೇಲೆ ಸರಿನೋಡಿಕೊಳ್ಳುತ್ತಿದ್ದರು. ಯಂತ್ರಗಳು ಅಗ್ಗವಾಗಿ ಮೇಜಿನ ಮೇಲೆ ಬಂದ ತರುವಾಯ ಈ ಅಭ್ಯಾಸ ಸಡಿಲವಾಯಿತು. ಮೊದಲು ಬರೆ, ಅನಂತರ ನೋಡು ಎಂಬುದೇ ಪರಿಪಾಟವಾಯಿತು.

ಹಳೆಯ ಅಭ್ಯಾಸಕ್ಕೆ ಹೊಸ ಉಪಕರಣಗಳನ್ನು ಒದಗಿಸಿ ಅದನ್ನು ಒಂದು ಶಿಸ್ತಾಗಿ ರೂಪಿಸಿದವರು ಕೆಂಟ್ ಬೆಕ್. ಅವರು ೧೯೯೪ರಲ್ಲಿ ಸ್ಮಾಲ್‌ಟಾಕ್ ಭಾಷೆಗಾಗಿ ಪರೀಕ್ಷೆಗಳನ್ನು ಬರೆಯುವ ಚೌಕಟ್ಟೊಂದನ್ನು ಪ್ರಕಟಿಸಿದರು. ೧೯೯೬ರಿಂದ ಕ್ರೈಸ್ಲರ್ ಕಂಪನಿಯ ವೇತನ ಲೆಕ್ಕದ ಯೋಜನೆಯಲ್ಲಿ ತಮ್ಮ ಕಾರ್ಯಕ್ರಮವನ್ನು ಪ್ರಯೋಗಿಸಿದರು. ೧೯೯೭ರಲ್ಲಿ ಎರಿಕ್ ಗಾಮರೊಡನೆ ಜೂರಿಚ್‌ನಿಂದ ಅಟ್ಲಾಂಟಕ್ಕೆ ವಿಮಾನದಲ್ಲಿ ಹೋಗುತ್ತಿದ್ದಾಗ ಜಾವಾ ಭಾಷೆಗೆ ‘ಜೆಯೂನಿಟ್’ ಎಂಬ ಉಪಕರಣವನ್ನು ರಚಿಸಿದರು. ೨೦೦೧ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ೧೭ ಮಂದಿ ಸೇರಿ ಅಜೈಲ್ ಪ್ರಣಾಲಿಕೆಯನ್ನು ಹೊರಡಿಸಿದಾಗ ಬೆಕ್ ಅವರಲ್ಲೊಬ್ಬರಾಗಿದ್ದರು. ಪರೀಕ್ಷಾಪೂರ್ವಕ ರಚನೆಯನ್ನೇ ವಿಷಯವಾಗುಳ್ಳ ಅವರ ಗ್ರಂಥ ೨೦೦೨ರಲ್ಲಿ ಹೊರಬಂದಿತು. ತಾವು ಮಾಡಿದ್ದು ಶೋಧವಲ್ಲ, ಪುನಃಶೋಧವೆಂದು ಬೆಕ್ ಅವರೇ ಒಪ್ಪಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು.

೩

ಪದ್ಧತಿಯ ಸ್ವರೂಪವನ್ನು ಉದಾಹರಣೆಯಿಂದ ತಿಳಿಯುವುದು ಸುಲಭ. ಸಮೇತನಹಳ್ಳಿಯ ರೈತನೊಬ್ಬನ ಜಮೀನಿನ ವಿಸ್ತೀರ್ಣವನ್ನು ಕೂಡುವ ಕ್ರಮವಿಧಿಯೊಂದನ್ನು ಬರೆಯಬೇಕಾಗಿದೆಯೆಂದು ಕಲ್ಪಿಸಿಕೊಳ್ಳೋಣ. ನಮ್ಮ ಪ್ರಾಂತದಲ್ಲಿ ೧೬ ಆಣೆಗೆ ಒಂದು ಗುಂಟೆ, ೪೦ ಗುಂಟೆಗೆ ಒಂದು ಎಕರೆ. ಒಂದು ಸರ್ವೆ ನಂಬರಿನಲ್ಲಿ ೨ ಎಕರೆ ೩೦ ಗುಂಟೆ, ಇನ್ನೊಂದರಲ್ಲಿ ೧ ಎಕರೆ ೨೫ ಗುಂಟೆ ಇದ್ದರೆ ಒಟ್ಟು ೪ ಎಕರೆ ೧೫ ಗುಂಟೆ. ಪರೀಕ್ಷಾಪೂರ್ವಕ ರಚನೆಯಲ್ಲಿ ಈ ವಾಕ್ಯವೇ ಮೊದಲ ಬರಹ. ಕ್ರಮವಿಧಿ ಇನ್ನೂ ಇಲ್ಲವಾದ್ದರಿಂದ ಪರೀಕ್ಷೆಯು ವಿಫಲವಾಗುತ್ತದೆ; ಇದನ್ನು ‘ಕೆಂಪು’ ಎನ್ನುತ್ತಾರೆ. ಆ ಮೇಲೆ ಪರೀಕ್ಷೆಯನ್ನು ತೇರ್ಗಡೆ ಮಾಡುವಷ್ಟೇ, ಅದಕ್ಕಿಂತ ಹೆಚ್ಚಲ್ಲದ, ಕ್ರಮವಿಧಿಯನ್ನು ಬರೆಯುತ್ತಾರೆ, ಇದು ‘ಹಸಿರು’. ಮೂರನೆಯದಾಗಿ, ಫಲವನ್ನು ಬದಲಿಸದೆ ಬರಹವನ್ನು ಅಚ್ಚುಕಟ್ಟುಗೊಳಿಸುತ್ತಾರೆ. ಈ ಮೂರು ಹೆಜ್ಜೆಗಳ ಸುತ್ತು ಕೆಲವೇ ನಿಮಿಷಗಳಲ್ಲಿ ಮುಗಿದು ಮತ್ತೆ ಮೊದಲಾಗುತ್ತದೆ. ಹಿಂದಿನ ಪರೀಕ್ಷೆಗಳೆಲ್ಲ ಉಳಿದುಕೊಂಡು, ಪ್ರತಿ ಸುತ್ತಿನಲ್ಲಿಯೂ ತಾವಾಗಿ ನಡೆಯುತ್ತವೆ.

ಪರಸ್ಥಳದ ಕ್ರಮವಿಧಿಕಾರನು ೨-೩೦ ಎಂಬ ಬರಹವನ್ನು ದಶಮಾಂಶವೆಂದು ಭಾವಿಸಿ ೩.೫೫ ಎಂಬ ಉತ್ತರವನ್ನು ಪಡೆಯುವ ಸಂಭವವಿದೆ. ಪರೀಕ್ಷೆ ಮೊದಲೇ ಇದ್ದರೆ ಈ ತಪ್ಪು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಇದು ಪದ್ಧತಿಯ ಸುಲಭವಾದ ಪ್ರಯೋಜನ. ಇದಕ್ಕಿಂತ ಮುಖ್ಯವಾದುದು ಮುಂದಿನ ಪರೀಕ್ಷೆಯಲ್ಲಿ ಗೋಚರಿಸುತ್ತದೆ. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಬೇಕು. ಎಕರೆಗೆ ೬೪೦ ಆಣೆಯಾದ್ದರಿಂದ ತಲಾ ೨೧೩ ಆಣೆ, ಎಂದರೆ ೧೩ ಗುಂಟೆ ೫ ಆಣೆ. ಒಂದು ಆಣೆ ಉಳಿಯಿತು. ಅದು ಯಾರದು? ಹಿರಿಯನದೋ, ಖರಾಬಿನದೋ, ಭಿನ್ನಾಂಕವಾಗಿ ಮೂವರಿಗೂ ಸೇರಿದ್ದೋ? ಕ್ರಮವಿಧಿಯನ್ನು ಮೊದಲು ಬರೆಯುವವನು ತಿಳಿಯದೆಯೇ ಇದಕ್ಕೊಂದು ಉತ್ತರವನ್ನು ಕೊಟ್ಟುಬಿಡುತ್ತಾನೆ. ಯಂತ್ರವು ಉಳಿಕೆಯನ್ನು ಮೌನವಾಗಿ ನುಂಗುತ್ತದೆ. ಪರೀಕ್ಷೆಯನ್ನು ಮೊದಲು ಬರೆಯುವವನಿಗೆ ನಿರೀಕ್ಷಿತ ಉತ್ತರವನ್ನು ಬರೆಯುವ ಸ್ಥಳದಲ್ಲಿ ಲೇಖನಿ ನಿಲ್ಲುತ್ತದೆ. ಅವನು ಎದ್ದು ಹೋಗಿ ಬಲ್ಲವರನ್ನು ಕೇಳಲೇಬೇಕಾಗುತ್ತದೆ.

ಇದು ಕೇವಲ ಚಮತ್ಕಾರದ ಲೆಕ್ಕವಲ್ಲ. ೨೦೦೦ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಿತು. ಮೇಲಿನ ಉದಾಹರಣೆ ಆ ಯೋಜನೆಯಿಂದ ತೆಗೆದುಕೊಂಡದ್ದಲ್ಲ. ಆದರೆ ದಾಖಲೆಯ ಮಾತು ತಂತ್ರಾಂಶದ ಮಾತಾಗಿರುವಲ್ಲಿ ಲೆಕ್ಕದ ಮೂಲೆಗಳನ್ನು ಯಾರು, ಯಾವಾಗ ನಿರ್ಧರಿಸಿದರೆಂಬ ಪ್ರಶ್ನೆ ಎಷ್ಟು ಗುರುತರವಾದುದೆಂಬುದನ್ನು ಅದು ಸೂಚಿಸುತ್ತದೆ.

೪

ಬೆಂಗಳೂರಿನಲ್ಲಿ ಈ ಪದ್ಧತಿ ಕಾಲಿಡುವುದಕ್ಕೆ ಮುಂಚಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಇಲ್ಲಿ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ಹೊರನಾಡಿನೊಡನೆ ಸಂಪರ್ಕವನ್ನು ಕಲ್ಪಿಸಿಕೊಂಡಿತು. ೧೯೯೧ರಲ್ಲಿ ಸರ್ಕಾರದ ತಂತ್ರಾಂಶ ಉದ್ಯಾನ ಸಂಸ್ಥೆ ಸ್ಥಾಪಿತವಾಯಿತು. ದೂರದ ಗಿರಾಕಿಗಳ ವಿಶ್ವಾಸವನ್ನು ಗಳಿಸಲು ಇಲ್ಲಿನ ಸಂಸ್ಥೆಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದು ರೂಪಿಸಿದ ಐದು ಮಟ್ಟಗಳ ಪ್ರಮಾಣವನ್ನು ಅನುಸರಿಸಿದವು. ಮೋಟೊರೋಲದ ಬೆಂಗಳೂರು ಕೇಂದ್ರವು ೧೯೯೦ರ ದಶಕದ ಮೊದಲರ್ಧದಲ್ಲಿಯೂ, ವಿಪ್ರೊ ಸಂಸ್ಥೆಯು ೧೯೯೮ರಲ್ಲಿಯೂ ಐದನೆಯ ಮಟ್ಟವನ್ನು ಮುಟ್ಟಿದವು.

ಈ ವ್ಯವಸ್ಥೆಯ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಅಪರಿಚಿತ ನಗರವೊಂದರ ಕೆಲಸವನ್ನು ಜಗತ್ತು ನಂಬುವಂತೆ ಮಾಡಿದುದು ಅದೇ. ಆದರೆ ರೂಢಿಯಲ್ಲಿ ಅದರೊಡನೆ ಒಂದು ಶ್ರಮವಿಭಾಗವೂ ಬೆಳೆಯಿತು. ಅಗತ್ಯಗಳನ್ನು ಬರೆಯುವವರು ಅಮೆರಿಕ ಅಥವಾ ಯೂರೋಪಿನಲ್ಲಿ. ಕ್ರಮವಿಧಿ ಬರೆಯುವವರು ಇಲ್ಲಿ. ಪರೀಕ್ಷಿಸುವವರು ಇಲ್ಲಿಯೇ ಆದರೂ ಬೇರೆ ಕೋಣೆಯಲ್ಲಿ, ಕೆಲಸದ ಕೊನೆಯಲ್ಲಿ. ೨೦೦೦ದ ವರ್ಷದ ದಿನಾಂಕದ ತೊಡಕನ್ನು ಬಗೆಹರಿಸುವ ಕೆಲಸ ಇಲ್ಲಿಗೆ ಧಾರಾಳವಾಗಿ ಬಂದಾಗ, ಮುಗಿದ ಕ್ರಮವಿಧಿಯನ್ನು ಪರೀಕ್ಷಿಸುವುದೇ ಅನೇಕರಿಗೆ ವೃತ್ತಿಯ ಪ್ರವೇಶದ್ವಾರವಾಯಿತು. ಪ್ರಶ್ನೆ ಕೇಳುವ ಅಧಿಕಾರ ಮಾತ್ರ ಈ ಎರಡು ವರ್ಗಗಳಿಗೂ ಅಷ್ಟಾಗಿ ಇರಲಿಲ್ಲ. ಬರೆದು ಬಂದುದನ್ನು ಒಬ್ಬರು ಮಾಡುವುದು, ಬರೆದು ಬಂದುದಕ್ಕೆ ಹೊಂದಿದೆಯೇ ಎಂದು ಇನ್ನೊಬ್ಬರು ನೋಡುವುದು. ಇಷ್ಟಕ್ಕೆ ಕೆಲಸ ಸೀಮಿತವಾಗಿದ್ದಿತು.

೫

೨೦೦೧ರಲ್ಲಿ ಶಿಕಾಗೊ ಮೂಲದ ಥಾಟ್‌ವರ್ಕ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕಾರ್ಯಾಲಯವನ್ನು ಆರಂಭಿಸಿತು. ಅಜೈಲ್ ಪದ್ಧತಿಗಳನ್ನು ಸಾಗರಾಂತರದ ತಂಡಗಳಲ್ಲಿ ನಡೆಸಿದ ಅನುಭವವನ್ನು ಆ ಸಂಸ್ಥೆಯ ಮಾರ್ಟಿನ್ ಫೌಲರ್ ವಿಸ್ತಾರವಾಗಿ ದಾಖಲಿಸಿದ್ದಾರೆ. ಅವರ ಲೇಖನದ ಪರಿಷ್ಕೃತ ರೂಪ ೨೦೦೬ರದು. ನಮ್ಮ ವಿಷಯಕ್ಕೆ ಇದು ಬೆಲೆಯುಳ್ಳ ಆಕರ.

ಅಜೈಲ್ ಪದ್ಧತಿಯು ಮುಖಾಮುಖಿ ಸಂಭಾಷಣೆಯನ್ನು ಪ್ರಧಾನವೆಂದು ಎಣಿಸುತ್ತದೆ. ಶಿಕಾಗೊವಿಗೂ ಬೆಂಗಳೂರಿಗೂ ಋತುವಿಗನುಸಾರವಾಗಿ ಹತ್ತೂವರೆ ಅಥವಾ ಹನ್ನೊಂದೂವರೆ ಗಂಟೆಗಳ ಅಂತರ. ಅಲ್ಲಿಯ ಹಗಲು ಇಲ್ಲಿಯ ರಾತ್ರಿ. ಹೀಗಿರಲು ಈ ಪದ್ಧತಿ ಇಲ್ಲಿ ನಡೆಯಲಾರದೆಂದು ಊಹಿಸುವುದು ಸಹಜ. ಫೌಲರರ ಬರಹದಿಂದ ತಿಳಿದುಬರುವುದೇನೆಂದರೆ, ಈ ಅಂತರವನ್ನು ದಾಟಲು ಎರಡೂ ಕಡೆಯವರು ರಾಯಭಾರಿಗಳಂತೆ ಹೋಗಿಬರುವುದು, ಎಲ್ಲರ ಬರಹವನ್ನೂ ಮೇಲಿಂದ ಮೇಲೆ ಒಂದುಗೂಡಿಸಿ ಪರೀಕ್ಷಿಸುವುದು ಮುಂತಾದ ಉಪಾಯಗಳ ಜೊತೆಗೆ ಪರೀಕ್ಷೆಯನ್ನೇ ಸಂಭಾಷಣೆಯ ಸಾಧನವಾಗಿ ಬಳಸಿದರೆಂಬುದು. ಅಮೆರಿಕದಲ್ಲಿದ್ದ ಗಿರಾಕಿಯು ಬೇಕಾದ ಅಂಶವನ್ನು ಒಂದೆರಡು ಪುಟಗಳಲ್ಲಿ ಕಥನವಾಗಿ ಬರೆದು ಕಳುಹಿಸುವನು. ಇಲ್ಲಿನ ವಿಶ್ಲೇಷಕರು ಅದನ್ನು ಓದಿ, ಕ್ರಮವಿಧಿಗೆ ಮೊದಲೇ, ಅದರ ಪರೀಕ್ಷೆಗಳನ್ನು ರಚಿಸುವರು. ವಾರಕ್ಕೆ ಎರಡು ಮೂರು ಸಲ ದೂರವಾಣಿಯಲ್ಲಿ ಅವುಗಳ ಚರ್ಚೆ ನಡೆಯುವುದು. ಪರೀಕ್ಷೆಯನ್ನು ಬರೆಯುವ ಕೆಲಸವೇ ಇಲ್ಲಿಯವರು ವಿಷಯವನ್ನು ಆಳವಾಗಿ ತಿಳಿಯುವಂತೆ, ಅಲ್ಲಿಯವರನ್ನು ಪ್ರಶ್ನಿಸುವಂತೆ ಮಾಡಿತು. ಗಿರಾಕಿಗೂ ತನ್ನ ಅಗತ್ಯವೇನೆಂಬುದು ಹೆಚ್ಚು ಸ್ಪಷ್ಟವಾಯಿತು.

ಇದನ್ನು ೧೯೫೭ರ ಮೆಕ್‌ಕ್ರಾಕನ್‌ರ ಸಲಹೆಯೊಡನೆ ಹೋಲಿಸಿದರೆ ಸಾಮ್ಯವೂ ವ್ಯತ್ಯಾಸವೂ ಎದ್ದು ಕಾಣುತ್ತವೆ. ತಪ್ಪು ತಿಳಿವಳಿಕೆಯನ್ನು ಪರೀಕ್ಷೆಯಿಂದ ಬಯಲಿಗೆಳೆಯುವ ಉದ್ದೇಶ ಎರಡರಲ್ಲಿಯೂ ಒಂದೇ. ಆದರೆ ಮೆಕ್‌ಕ್ರಾಕನ್‌ರಲ್ಲಿ ಮಾದರಿ ಲೆಕ್ಕವನ್ನು ಮಾಡುವವನು ಕೆಲಸ ಮಾಡಿಸಿಕೊಳ್ಳುವವನು. ಬೆಂಗಳೂರಿನಲ್ಲಿ ಪರೀಕ್ಷೆಯನ್ನು ಬರೆದವರು ಕೆಲಸ ಮಾಡುವವರು. ಮುಗಿದುದನ್ನು ಒಪ್ಪ ನೋಡುತ್ತಿದ್ದವನ ಸ್ಥಾನ ಇಲ್ಲಿ ಕೆಲಸದ ಕೊನೆಯಿಂದ ಮೊದಲಿಗೆ ಸರಿಯಿತು. ಬೆಂಗಳೂರು ಪ್ರಾಂತದ ಮಟ್ಟಿಗೆ ಈ ಪದ್ಧತಿಯ ಐತಿಹಾಸಿಕ ಮಹತ್ವ ಇದರಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ದೋಷಗಳು ಕಡಿಮೆಯಾದುವೆಂಬುದು ಎಲ್ಲ ಕಡೆಯ ಮಾತು. ಆಜ್ಞೆಯನ್ನು ಪಾಲಿಸುತ್ತಿದ್ದವರಿಗೆ ಪ್ರಶ್ನಿಸುವ ಕರ್ತವ್ಯವೇ ಪ್ರಾಪ್ತವಾಯಿತೆಂಬುದು ಇಲ್ಲಿಯ ವಿಶೇಷ.

೬

ಪದ್ಧತಿಯ ಫಲದ ವಿಷಯದಲ್ಲಿ ಉತ್ಪ್ರೇಕ್ಷೆ ಸಲ್ಲದು. ನಾಗಪ್ಪನ್ ಮತ್ತು ಸಂಗಡಿಗರು ಮೈಕ್ರೋಸಾಫ್ಟ್‌ನ ಮೂರು ಹಾಗೂ ಐಬಿಎಮ್‌ನ ಒಂದು ತಂಡವನ್ನು ಪರಿಶೀಲಿಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಡುಗಡೆಗೆ ಮುಂಚಿನ ದೋಷಗಳ ಸಾಂದ್ರತೆ ಶೇಕಡ ೪೦ರಿಂದ ೯೦ರಷ್ಟು ಇಳಿಯಿತು. ಆರಂಭದ ರಚನೆಗೆ ಶೇಕಡ ೧೫ರಿಂದ ೩೫ರಷ್ಟು ಹೆಚ್ಚು ಕಾಲ ಹಿಡಿಯಿತು. ಫೂಚಿ ಮತ್ತು ಸಂಗಡಿಗರ ೨೦೧೭ರ ಅಧ್ಯಯನವಾದರೋ, ಪರೀಕ್ಷೆ ಮೊದಲೋ ಕ್ರಮವಿಧಿ ಮೊದಲೋ ಎಂಬ ಅನುಕ್ರಮಕ್ಕಿಂತ, ಚಿಕ್ಕದಾದ, ಒಂದೇ ಸಮನಾದ ಹೆಜ್ಜೆಗಳಲ್ಲಿ ಕೆಲಸ ಮಾಡುವುದೇ ಫಲಕ್ಕೆ ಹೆಚ್ಚು ಕಾರಣವೆಂದು ತೋರಿಸಿತು. ೨೦೧೪ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಈ ಪದ್ಧತಿಯನ್ನು ಬಲವಾಗಿ ಟೀಕಿಸಿ, ಬೆಕ್ ಮತ್ತು ಫೌಲರರೊಡನೆ ಬಹಿರಂಗ ಚರ್ಚೆಯನ್ನು ನಡೆಸಿದರು. ಪರೀಕ್ಷೆಯ ಅನುಕೂಲಕ್ಕಾಗಿ ರಚನೆಯನ್ನೇ ತಿರುಚುವ ಅಪಾಯವುಂಟೆಂಬ ಅವರ ಆಕ್ಷೇಪಣೆಯಲ್ಲಿ ಹುರುಳಿದೆ.

ಇನ್ನೊಂದು ಮಿತಿಯು ಪದ್ಧತಿಯ ಒಡಲಲ್ಲಿಯೇ ಇದೆ. ಪರೀಕ್ಷೆಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎಕರೆಗೆ ೩೦ ಗುಂಟೆಯೆಂದು ತಿಳಿದವನು ಬರೆದ ಪರೀಕ್ಷೆಯೂ ಅವನೇ ಬರೆದ ಕ್ರಮವಿಧಿಯೂ ಪರಸ್ಪರ ಒಪ್ಪುತ್ತವೆ, ಎರಡೂ ತಪ್ಪೇ. ಆದುದರಿಂದ ಬೇರೊಬ್ಬರ ಕಣ್ಣು, ಅದರಲ್ಲಿಯೂ ಲೆಕ್ಕದ ಪರಿಣಾಮವನ್ನು ಅನುಭವಿಸುವವರ ಕಣ್ಣು, ಯಾವ ಪದ್ಧತಿಯಲ್ಲಿಯೂ ಅನಾವಶ್ಯಕವಾಗುವುದಿಲ್ಲ. ಪ್ರತ್ಯೇಕ ಪರೀಕ್ಷಕರ ಕಾಲ ಮುಗಿಯಿತೆಂದು ಸಾರುವವರು ಈ ಅಂಶವನ್ನು ಮರೆಯುತ್ತಾರೆ.

೭

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳು ಮೂರು. ಪರೀಕ್ಷಾಪೂರ್ವಕ ರಚನೆಯು ಗಣಕಶಾಸ್ತ್ರದ ಆದಿಕಾಲದಷ್ಟೇ ಹಳೆಯ ಎಚ್ಚರಿಕೆಯ ಪುನರುಜ್ಜೀವನ. ಅಜೈಲ್ ತಂಡಗಳ ಮೂಲಕ ಬೆಂಗಳೂರಿಗೆ ಬಂದಾಗ ಅದು ದೂರದ ಇಬ್ಬರ ನಡುವೆ ತಿಳಿವಳಿಕೆಯನ್ನು ಬೆಸೆಯುವ ಸಾಧನವಾಗಿ ವಿಶೇಷ ಅರ್ಥವನ್ನು ಪಡೆಯಿತು. ಅದರ ಬೆಲೆಯು ಪರೀಕ್ಷೆಯಲ್ಲಿ ಯಾರ ಪ್ರಶ್ನೆ ಸೇರಿದೆಯೆಂಬುದನ್ನು ಅವಲಂಬಿಸಿದೆ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಯು ಕ್ರಮವಿಧಿಯನ್ನು ಬರೆದು, ಕೊನೆಗೆ ಯಂತ್ರವು ಕೊಟ್ಟುದನ್ನು ದಾಖಲೆಯ ಪುಸ್ತಕದಲ್ಲಿ ನಕಲು ಮಾಡುವುದು ಇಂದಿಗೂ ಕಾಣಬರುವ ರೂಢಿ. ಯಂತ್ರದ ಉತ್ತರವೇ ಸರಿಯಾದ ಉತ್ತರವೆಂಬ ಭಾವನೆ ಇದರಿಂದ ಬಲಿಯುತ್ತದೆ. ಅದೇ ಪುಸ್ತಕದಲ್ಲಿ, ಕ್ರಮವಿಧಿಗೆ ಮೊದಲಿನ ಪುಟದಲ್ಲಿ, ನಿರೀಕ್ಷಿತ ಉತ್ತರಗಳನ್ನು ಕಾರಣಸಹಿತವಾಗಿ ಬರೆಯಿಸಿ ಅದಕ್ಕೂ ಅಂಕಗಳನ್ನು ಗೊತ್ತುಪಡಿಸುವುದು ಅಧ್ಯಾಪಕರಿಗೆ ಸಾಧ್ಯವಿದೆ. ಇದಕ್ಕೆ ಹೊಸ ಉಪಕರಣವಾಗಲಿ ಹಣವಾಗಲಿ ಬೇಕಾಗಿಲ್ಲ. ಹೊಸಕೋಟೆಯ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಪಹಣಿಯ ಲೆಕ್ಕವನ್ನೇ ಮೊದಲ ಪರೀಕ್ಷೆಯಾಗಿ ಬರೆದು, ಉಳಿದ ಒಂದು ಆಣೆಯ ವಿಷಯವನ್ನು ಊರಿನ ಹಿರಿಯರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ವಿಚಾರಿಸಿಕೊಂಡು ಬಂದರೆ, ಪದ್ಧತಿಯ ಮುಖ್ಯವಾದ ಪಾಠವನ್ನು ಅವನು ಕಲಿತಂತಾಗುತ್ತದೆ.